ಗಂಡಸು ಕುಣಿದರೆ ಗಂಡಸ್ತನಕ್ಕೆ ಕುಂದೇ? ಮೊಣಕೈ, ಮಂಡಿ, ಗೆಜ್ಜೆ ಸಮೇತ ಚರ್ಚೆ

ಎಂಟರಲೆಕ್ಕ:
"ನೃತ್ಯ ಹೆಂಗಸರದ್ದು, ಗಂಡಸಿಗೆ ಒಪ್ಪಲ್ಲ" ಅನ್ನೋ ಮಾತು ಎಲ್ಲ ಕಡೆ ಕೇಳುತ್ತೆ. ಅದು ತಪ್ಪು ಅಂತ ಭಾಷಣ ಬಿಗಿಯೋದು ಸುಲಭ, ಅದು ಬೇಡ. ನನಗೆ ಬೇಕಿರೋದು ಎರಡು ಉತ್ತರ. ಒಂದು, ಈ ಭಾವನೆ ಯಾವಾಗ ಹುಟ್ಟಿತು, ಯಾಕೆ? ಎರಡು, ಗಂಡಸು ಕುಣಿಯುವಾಗ ನೋಡುವವರಿಗೆ "ಹೆಣ್ಣಿಗನ ಹಾಗಿದೆ" ಅನ್ನಿಸಿದರೆ, ಮೈಯ ಯಾವ ಭಾಗ ಏನು ಮಾಡಿದ್ದಕ್ಕೆ ಹಾಗನ್ನಿಸುತ್ತೆ? ಕಲಿಸುವವರು, ಬಲ್ಲವರು ಬರೆಯಿರಿ. ಸ್ವಂತ ಕತೆ ಬೇಡ, ವಿಷಯ ಸಾಕು.

ಹಳೇಪುಟ:
ಮೊದಲನೆಯದಕ್ಕೆ ಯುರೋಪಿನ ಆಸ್ಥಾನಗಳಲ್ಲಿ ಬೆಳೆದ ಬ್ಯಾಲೆ ನೃತ್ಯ ಹಿಡಿದು ನೋಡಿದರೆ ಇಸವಿ ಸಮೇತ ಉತ್ತರ ಸಿಗುತ್ತದೆ.

1653ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ, ಆಗಿನ್ನೂ ಹದಿನಾಲ್ಕರ ಹುಡುಗ, ಆಸ್ಥಾನದ ಬ್ಯಾಲೆಯೊಂದರಲ್ಲಿ ಉದಯಸೂರ್ಯನ ವೇಷ ಹಾಕಿ ಕುಣಿದ. 'ಸೂರ್ಯರಾಜ' ಎಂಬ ಬಿರುದಿನ ಜೊತೆ ಇವತ್ತಿಗೂ ನೆನಪಾಗುವುದು ಆ ವೇಷವೇ. 1661ರಲ್ಲಿ ಅವನೇ ನೃತ್ಯದ ಅಕಾಡೆಮಿ ಸ್ಥಾಪಿಸಿದ. ಅದಕ್ಕೆ ನೇಮಕವಾದ 13 ಮಂದಿಯೂ ಗಂಡಸರು. ಕತ್ತಿವರಸೆ, ಕುದುರೆ ಸವಾರಿ, ನೃತ್ಯ ಈ ಮೂರೂ ಬಾರದವನನ್ನು ಆಸ್ಥಾನದಲ್ಲಿ ಗಂಡಸು ಅಂತ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಪ್ಯಾರಿಸ್ ಒಪೆರಾದ ವೇದಿಕೆಗೆ ವೃತ್ತಿಪರ ನರ್ತಕಿಯರು ಬಂದದ್ದೇ 1681ರಲ್ಲಿ. ಅಲ್ಲಿಯವರೆಗೆ ಅಲ್ಲಿ ಹೆಣ್ಣುಪಾತ್ರವೂ ಮುಖವಾಡ ತೊಟ್ಟ ಗಂಡಸರದ್ದು.

ಗಾಳಿ ತಿರುಗಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಫ್ರೆಂಚ್ ಕ್ರಾಂತಿಯ ನಂತರ ರೇಷ್ಮೆ, ಲೇಸು, ಬಿಗಿ ಕಾಲುಚೀಲ ಎಲ್ಲ ಗಂಡಸಿನ ಮೈಮೇಲಿಂದ ಇಳಿದು ಕಪ್ಪು ಕೋಟು ಬಂತು. ಹೊಸ ವ್ಯಾಪಾರಿ ವರ್ಗಕ್ಕೆ ಮೈ ಪ್ರದರ್ಶಿಸುವ ಗಂಡಸು ಹಳೇ ಆಸ್ಥಾನದ ಉಳಿಕೆಯ ಹಾಗೆ ಕಂಡ. 1832ರಲ್ಲಿ 'ಲಾ ಸಿಲ್ಫೀಡ್' ಬ್ಯಾಲೆಯಲ್ಲಿ ನರ್ತಕಿ ಮರೀ ಟಾಗ್ಲಿಯೋನಿ ಕಾಲ್ಬೆರಳ ತುದಿಯ ಮೇಲೆ ತೇಲಿದ್ದೇ ತಡ, ನೋಡುವವರ ಕಣ್ಣೆಲ್ಲ ನರ್ತಕಿಯ ಕಡೆ ಹೋಯಿತು. ಗಂಡಸು ಎತ್ತಿ ಹಿಡಿಯುವ ಕಂಬವಾದ. ಕೊನೆಗೆ ಆ ಕಂಬವೂ ಬೇಡವಾಯಿತು: 1870ರಲ್ಲಿ ಪ್ಯಾರಿಸ್‌ನಲ್ಲಿ 'ಕೊಪೇಲಿಯಾ' ಮೊದಲ ಸಲ ಪ್ರದರ್ಶನವಾದಾಗ ನಾಯಕ ಫ್ರಾಂಜ್‌ನ ಪಾತ್ರ ಮಾಡಿದ್ದು ಒಬ್ಬ ಹೆಂಗಸು. ಹೆಣ್ಣುಪಾತ್ರಕ್ಕೂ ಗಂಡಸೇ ಬೇಕೆಂಬ ಕಾಲದಿಂದ ಗಂಡುಪಾತ್ರಕ್ಕೂ ಗಂಡಸು ಬೇಡವೆಂಬ ಕಾಲಕ್ಕೆ ಇನ್ನೂರು ವರ್ಷವೂ ಹಿಡಿಯಲಿಲ್ಲ.

ಎಲ್ಲ ದೇಶದಲ್ಲೂ ಹೀಗಾಗಲಿಲ್ಲ ಅನ್ನುವುದು ಮುಖ್ಯ. ಡೆನ್ಮಾರ್ಕಿನಲ್ಲಿ ನೃತ್ಯ ಸಂಯೋಜಕ ಬೋರ್ನೊನ್‌ವಿಲ್ ಗಂಡಸರಿಗಾಗಿ ನೆಗೆತ ತುಂಬಿದ ಪಾತ್ರಗಳನ್ನು ಕಟ್ಟುತ್ತಲೇ ಇದ್ದ. ರಷ್ಯಾದಲ್ಲಿ ಹುಡುಗರ ತರಬೇತಿ ನಿಲ್ಲಲಿಲ್ಲ. 1909ರಲ್ಲಿ ರಷ್ಯಾದ ಡಿಯಾಗಿಲೆವ್‌ನ ಬ್ಯಾಲೆ ತಂಡ ನರ್ತಕ ನಿಜಿನ್ಸ್ಕಿಯನ್ನು ಪ್ಯಾರಿಸ್‌ಗೆ ಕರೆತಂದಾಗ ಆ ಊರು ಬೆರಗಾದದ್ದು ತಾನೇ ಮರೆತಿದ್ದನ್ನು ಮತ್ತೆ ಕಂಡು.

ಅಡ್ಡಮಾತು:
ಫ್ರಾನ್ಸಿನ ದೊರೆ ಹಾಗಿರಲಿ. ಭರತನ ನಾಟ್ಯಶಾಸ್ತ್ರದಲ್ಲೇ ಬಿರುಸಿನ ತಾಂಡವ ಗಂಡಿಗೆ, ನಯದ ಲಾಸ್ಯ ಹೆಣ್ಣಿಗೆ ಅಂತ ಗೆರೆ ಎಳೆದಿದೆಯಲ್ಲ? ಮತ್ತೆ ನಮ್ಮ ಗಾದೆ ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ." ಕುಣಿಯಲಾರದವನು ಅಂತ ಯಾರೂ ಅಂದಿಲ್ಲ.

ಕಾಲ್ಗೆಜ್ಜೆ:
ಗಾದೆ ಒಪ್ಪಿದೆ. ಶಾಸ್ತ್ರದ ಮಾತು ಒಪ್ಪಲ್ಲ, ಅದನ್ನ ಹಾಗೆ ಓದೋದು ಆಮೇಲಿನ ರೂಢಿ.

ನಾಟ್ಯಶಾಸ್ತ್ರದ 4ನೇ ಅಧ್ಯಾಯದ ಹೆಸರೇ ತಾಂಡವಲಕ್ಷಣ. ಶಿವನ ಮಾತಿನಂತೆ ಅವನ ಗಣದ ತಂಡು ಕಲಿಸಿದ್ದು ತಾಂಡವ, ಅಲ್ಲಿ ಹೇಳಿರೋದು 108 ಕರಣ. ಕರಣ ಅಂದರೆ ಕೈ, ಕಾಲು, ಮೈ ಒಟ್ಟಿಗೆ ಸೇರಿ ಆಗುವ ಒಂದು ಘಟಕ. ಇದರಲ್ಲಿ ಇಷ್ಟು ಗಂಡಿಗೆ, ಇಷ್ಟು ಹೆಣ್ಣಿಗೆ ಅಂತ ಪಾಲು ಮಾಡಿಲ್ಲ. ಕಲ್ಲಿನಲ್ಲೇ ಸಾಕ್ಷಿ ಇದೆ. ತಂಜಾವೂರಿನ ಬೃಹದೀಶ್ವರ ದೇವಾಲಯದ ಒಳಸುತ್ತಿನಲ್ಲಿ 81 ಕರಣ ಕೆತ್ತಿದ್ದಾರೆ, ಕುಣಿಯುವವನು ನಾಲ್ಕು ಕೈಯ ಶಿವ. ಚಿದಂಬರದ ಗೋಪುರಗಳಲ್ಲಿ ಅದೇ ಕರಣಗಳನ್ನ ಕೆತ್ತಿದಾಗ ಕುಣಿಯುವವಳು ಹೆಣ್ಣು. ಚಲನೆಯ ಪಟ್ಟಿ ಒಂದೇ, ಮೈ ಬೇರೆ.

ಆದರೆ ಅಡ್ಡಮಾತು ಅವರ ವಾದಕ್ಕೆ ಬಲ ಕೊಡೋ ಒಂದು ಜಾಗ ಇದೆ, ಮುಚ್ಚಿಡಬಾರದು. 1ನೇ ಅಧ್ಯಾಯದಲ್ಲಿ ಭರತ ಹೇಳ್ತಾನೆ: ಕೈಶಿಕೀ ವೃತ್ತಿಯನ್ನ, ಅಂದರೆ ಶೃಂಗಾರದ ನಯವಾದ ನಡೆಯನ್ನ, ಹೆಂಗಸರಿಲ್ಲದೆ ಗಂಡಸರಷ್ಟೇ ಪ್ರಯೋಗ ಮಾಡಕ್ಕಾಗಲ್ಲ. ಅದಕ್ಕೇ ಬ್ರಹ್ಮ ಅಪ್ಸರೆಯರನ್ನ ಸೃಷ್ಟಿ ಮಾಡಿಕೊಟ್ಟ. ಆದರೆ ಅದೇ ಅಧ್ಯಾಯದಲ್ಲಿ ನಾಟ್ಯ ಮೊದಲು ಕಲಿತವರು ಭರತನ ನೂರು ಗಂಡುಮಕ್ಕಳು! ಕೈಶಿಕಿ ಒಂದರಲ್ಲಿ ಕೊರತೆ ಕಂಡಿತು ಅನ್ನೋದು ಬೇರೆ, ನೃತ್ಯವೇ ಗಂಡಸಿಗಲ್ಲ ಅನ್ನೋದು ಬೇರೆ.

ಆಮೇಲೆ ಬಂದವರು ಆ ಕೊರತೆಯನ್ನೂ ತುಂಬಿದ್ದಾರೆ. ಕಥಕ್ಕಳಿಯಲ್ಲಿ ಸ್ತ್ರೀವೇಷಕ್ಕೇ ಹೆಸರಾದ ಕೋಟ್ಟಕ್ಕಲ್ ಶಿವರಾಮನ್, ಕೂಚಿಪುಡಿಯಲ್ಲಿ ಸತ್ಯಭಾಮೆ ಅಂದರೆ ವೇದಾಂತಂ ಸತ್ಯನಾರಾಯಣ ಶರ್ಮ, ಕಥಕ್‌ನಲ್ಲಿ ಲಾಸ್ಯಕ್ಕೆ ಪ್ರಸಿದ್ಧರಾದ ಲಖ್ನೋ ಘರಾನೆಯ ಲಚ್ಛು ಮಹಾರಾಜ್. ಯಕ್ಷಗಾನದ ಸ್ತ್ರೀವೇಷದ ಪರಂಪರೆ ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ.

ಸೈಫರ್:
ಇನ್ನೊಂದು ಗಮನಿಸಿ. ಬ್ರೇಕಿಂಗ್, ಅಂದರೆ ನೆಲದ ಮೇಲೆ ತಿರುಗಿ ಕುಣಿಯುವ ಬೀದಿನೃತ್ಯ, ಮಾಡುವವನನ್ನು ಯಾರೂ ಹೆಣ್ಣಿಗ ಅನ್ನಲ್ಲ. ಪಂದ್ಯಕ್ಕೆ ಮೊದಲು ಹಾಕಾ ಅನ್ನುವ ಮಾವೋರಿ ಕುಣಿತ ಮಾಡುವ ನ್ಯೂಜಿಲೆಂಡಿನ ರಗ್ಬಿ ತಂಡವನ್ನೂ ಅನ್ನಲ್ಲ. ಎದುರಾಳಿ ಇದ್ದರೆ ಕುಣಿತಕ್ಕೆ ಮೀಸೆ ಬರುತ್ತೆ, ಅಷ್ಟೇ. ಬ್ರೇಕಿಂಗ್ 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿ, 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಂತು. ಅಲ್ಲಿಯೂ ಅದು ಒಬ್ಬರ ಎದುರು ಒಬ್ಬರು, ಸೋಲು ಗೆಲುವಿನ ಆಟ. ಅದೇ ಮೈ, ಅದೇ ತಾಳ, ಎದುರಾಳಿಯನ್ನು ತೆಗೆದುಬಿಡಿ, ಕೈಯನ್ನು ನಿಧಾನ ಮಾಡಿ, ತಕ್ಷಣ ಗುಸುಗುಸು ಶುರು. ಅಂದಹಾಗೆ ಹಾಕಾ ಬರೀ ಗಂಡಸರದ್ದಲ್ಲ. ನ್ಯೂಜಿಲೆಂಡಿನ ಹೆಂಗಸರ ರಗ್ಬಿ ತಂಡವೂ ಮಾಡುತ್ತದೆ.

ಅಡ್ಡಮಾತು:
ಹಾಗಾದರೆ ಗಂಡಸರಿಗೆ ಗಂಡಸರದ್ದೇ ಒಂದು ಶೈಲಿ ಕಟ್ಟಿಬಿಟ್ಟರೆ ಮುಗೀತಲ್ಲ?

ಹಳೇಪುಟ:
ಮಾಡಿ ನೋಡಿದ್ದಾರೆ. ಅಮೆರಿಕದ ನರ್ತಕ ಟೆಡ್ ಶಾನ್ 1933ರಲ್ಲಿ ಗಂಡಸರದ್ದೇ ತಂಡ ಕಟ್ಟಿದ, 1940ರ ತನಕ ನಡೆಸಿದ. ಹಲವರು ದೈಹಿಕ ಶಿಕ್ಷಣದ ಕಾಲೇಜಿನಿಂದ ಬಂದ ಕ್ರೀಡಾಪಟುಗಳು. ಕೂಲಿಕಾರರ ದುಡಿಮೆ, ಯೋಧರು, ಆಟೋಟ ಇಂಥವೇ ವಸ್ತು. ಬಾಗಿಲು ತೆರೆಯಿತು ನಿಜ. ಆದರೆ ಆ ವಾದದಲ್ಲಿ ಒಂದು ಬಲೆ ಇದೆ: ಕುಣಿಯುವ ಗಂಡಸು ತಾನು ಗಂಡಸು ಅಂತ ಪ್ರತಿ ಹೆಜ್ಜೆಗೂ ರುಜುವಾತು ಕೊಡಬೇಕು. ಸ್ನಾಯು ಕಾಣದಿದ್ದರೆ ಸೋತ. 1995ರಲ್ಲಿ ನೃತ್ಯ ಸಂಯೋಜಕ ಮ್ಯಾಥ್ಯೂ ಬೋರ್ನ್ 'ಸ್ವಾನ್ ಲೇಕ್' ಬ್ಯಾಲೆಯಲ್ಲಿ ನರ್ತಕಿಯರೇ ಮಾಡುತ್ತಿದ್ದ ಹಂಸಗಳನ್ನೆಲ್ಲ ಗಂಡಸರಿಗೆ ಕೊಟ್ಟಾಗ ಬೇರೆ ದಾರಿ ಕಂಡಿತು. ಆ ಹಂಸಗಳು ಸಿಟ್ಟಿನವು, ಕುಕ್ಕುವಂಥವು, ಹಾಗೆಯೇ ನಯವೂ ಹೌದು. ಗಂಡೋ ಹೆಣ್ಣೋ ಅನ್ನುವುದಕ್ಕಿಂತ ಮೊದಲು ಹಕ್ಕಿಗಳು.

ಮೊಣಕೈಮೇಲೆ:
ಎರಡನೇ ಪ್ರಶ್ನೆಗೆ ಬರೋಣ, ಅಸಲು ಕೆಲಸ ಅಲ್ಲಿದೆ. ನೋಡುವವರು "ಹೆಂಗಸಿನ ಹಾಗೆ" ಅಂತ ಹೆಸರಿಡೋದು ಹತ್ತರಲ್ಲಿ ಎಂಟು ಸಲ ಮುಗಿಯದ ಚಲನೆಗೆ. ಒಳ್ಳೆ ನರ್ತಕಿ ಆ ತಪ್ಪು ಮಾಡಲ್ಲ, ಹಾಗಾಗಿ ಅದು ಹೆಂಗಸಿನ ಚಲನೆಯೂ ಅಲ್ಲ. ಬರೀ ಕೆಟ್ಟ ಚಲನೆ.

ಮಣಿಕಟ್ಟನ್ನೇ ತಗೊಳ್ಳಿ, ದೂರು ಬರೋದು ಹೆಚ್ಚು ಅಲ್ಲಿಂದ. ಭರತನಾಟ್ಯ ಶುರುಮಾಡೋ ನಿಲುವಾದ ನಾಟ್ಯಾರಂಭದಲ್ಲಿ ಕೈ ಚಾಚಿದಾಗ ಭುಜದಿಂದ ಬೆರಳ ತುದಿವರೆಗೆ ಒಂದೇ ಗೆರೆ, ತುಸು ಇಳಿಜಾರು. ಮೊಣಕೈ ದಣಿದು ಕೆಳಗೆ ಬಿತ್ತು ಅಂದ್ಕೊಳ್ಳಿ, ಮುಂಗೈ ತಾನಾಗಿ ಮೇಲೇಳುತ್ತೆ, ಅಂಗೈ ಮಣಿಕಟ್ಟಿನಿಂದ ಜೋತುಬೀಳುತ್ತೆ. ನೋಡುವವರಿಗೆ ಕಾಣೋದು ಜೋತ ಕೈ, ತಪ್ಪಿರೋದು ಮೊಣಕೈ. "ಕೈ ಗಟ್ಟಿ ಮಾಡು, ಗಂಡಸಿನ ಹಾಗೆ ಹಿಡಿ" ಅಂತ ಗದರಿದರೆ ಹುಡುಗ ಮಣಿಕಟ್ಟನ್ನ ಮರದ ಹಾಗೆ ಮಾಡ್ಕೋತಾನೆ. ಆಮೇಲೆ ಹಸ್ತಮುದ್ರೆಗಳಲ್ಲಿ ಅಲಪದ್ಮ ಅರಳಲ್ಲ, ಕಟಕಾಮುಖ ತಿರುಗಲ್ಲ. ಮದ್ದು ಬೇರೆ: ಬೆನ್ನು ಗೋಡೆಗೆ ಕೊಟ್ಟು ನಿಲ್ಲಿಸಿ, ಮೊಣಕೈಯ ಚೂಪು ಹಿಂದಕ್ಕೆ ನೋಡಬೇಕು, ನೆಲ ನೋಡಬಾರದು. ಹೆಗಲಮೂಳೆ ಕೆಳಕ್ಕೆ ಎಳೆದು, ಒಂದು ನಿಮಿಷ ಹಿಡಿಯಿರಿ, ಅರ್ಧ ನಿಮಿಷ ಬಿಡಿ, ಮೂರು ಸಲ. ಹಸ್ತದ ಕೆಲಸ ಇದಾದ ಮೇಲೆ.

ಎರಡನೇದು ಭುಜ. ಅಪ್ಪಳಿಸುವಾಗ ಭುಜ ಕಿವಿ ಕಡೆ ಎದ್ದರೆ ಕುತ್ತಿಗೆ ಮಾಯ. ಆಗ ಕಣ್ಣು, ಹುಬ್ಬಿನ ಸಣ್ಣ ಅಭಿನಯವೂ ನಾಚಿಕೆಯ ಹಾಗೆ ಕಾಣುತ್ತೆ. ಮೂರನೇದು ಭಾರ. ಹೆಜ್ಜೆ ಇಟ್ಟ ಕಾಲಿಗೆ ಪೂರ್ತಿ ಭಾರ ಹೋಗದೆ ಎರಡು ಕಾಲಿಗೂ ಹಂಚಿಕೊಂಡು ನಿಂತರೆ ಮುಂದಿನ ಹೆಜ್ಜೆಗೆ ಸೊಂಟ ಅಲ್ಲಾಡಿಸಿ ಕಾಲು ಬಿಡಿಸಬೇಕಾಗುತ್ತೆ. ಜನ ನಗೋದು ಆ ಅಲ್ಲಾಟಕ್ಕೆ. ತಿದ್ದೋದು ಸುಲಭ: ಪ್ರತಿ ಹೆಜ್ಜೆ ಇಟ್ಟಾಗ ಇನ್ನೊಂದು ಕಾಲು ನೆಲದಿಂದ ಎತ್ತಿ ಒಂದು ಮಾತ್ರೆ, ಅಂದರೆ ತಾಳದ ಒಂದು ಎಣಿಕೆ, ನಿಲ್ಲಿ. ಎತ್ತಕ್ಕಾಗದಿದ್ದರೆ ಭಾರ ದಾಟಿಲ್ಲ ಅಂತ ಅರ್ಥ. ವಿಳಂಬದಲ್ಲಿ, ಅಂದರೆ ನಿಧಾನ ಲಯದಲ್ಲಿ, ಹದಿನೈದು ದಿನ ಮಾಡಿ, ಆಮೇಲೆ ಎರಡನೇ ಕಾಲ, ಅಂದರೆ ಇಮ್ಮಡಿ ವೇಗ.

ದೃಷ್ಟಿಯ ಬಗ್ಗೆ ಒಂದೇ ಮಾತು. ನೆಲ ನೋಡಬೇಡಿ.

ಎಂಟರಲೆಕ್ಕ:
@ಮೊಣಕೈಮೇಲೆ ಸೊಂಟ ಅಂದ್ರಲ್ಲ, ಸಾಲ್ಸಾ ರುಂಬಾದಲ್ಲಿ ಸೊಂಟ ಅಲ್ಲಾಡಲೇಬೇಕು. ಗಂಡಸರು ಅಲ್ಲೇ ಅಲ್ವಾ ಮುದುಡೋದು?

ಜೋಡಿಹೆಜ್ಜೆ:
ಮುದುಡೋದು ಅಲ್ಲೇ, ಕಾರಣ ಸೊಂಟವನ್ನ ಸೊಂಟದಿಂದಲೇ ಅಲ್ಲಾಡಿಸಕ್ಕೆ ಹೋಗೋದು. ಲ್ಯಾಟಿನ್ ನೃತ್ಯಗಳಲ್ಲಿ ಸೊಂಟದ ಚಲನೆ ಹುಟ್ಟೋದು ಮಂಡಿಯಲ್ಲಿ. ಪಾದ ಇಡಿ, ಒಳ ಅಂಚು ಮೊದಲು, ಮಂಡಿ ಮಡಿಸಿದ್ದು, ಭಾರ ಇನ್ನೂ ಹಿಂದಿನ ಕಾಲಲ್ಲೇ. ಈಗ ಭಾರ ದಾಟಿಸುತ್ತಾ ಆ ಮಂಡಿ ನೇರ ಮಾಡಿ. ನೇರವಾದ ಕಾಲಿನ ಮೇಲೆ ಸೊಂಟ ತಾನಾಗಿ ಕೂರುತ್ತೆ, ಇನ್ನೊಂದು ಮಂಡಿ ಮಡಿಯುತ್ತೆ. ತಳ್ಳಬೇಕಾಗಿಲ್ಲ. ಒಂದು ಭಾರದ ದಾಟಿಗೆ ನಾಲ್ಕು ಎಣಿಕೆ ಕೊಟ್ಟು ಶುರು ಮಾಡಿ, ಆಮೇಲೆ ಎರಡು, ಆಮೇಲೆ ಒಂದು. ಎದೆಗೂಡು ನೆಟ್ಟಗಿರಲಿ. ಎದೆಯೂ ಸೊಂಟದ ಜೊತೆ ಅದೇ ಕಡೆ ವಾಲಿದರೆ ದೋಣಿಯಲ್ಲಿ ನಿಂತವನ ಹಾಗೆ ಕಾಣುತ್ತೆ.

ಸಾಲ್ಸಾದಲ್ಲಿ ಎಂಟರ ಎಣಿಕೆ, 1-2-3, 5-6-7 ಹೆಜ್ಜೆ. 4 ಮತ್ತು 8ಕ್ಕೆ ಹೆಜ್ಜೆ ಇಲ್ಲ, ಆದರೆ ಮೈ ನಿಲ್ಲಲ್ಲ, ಸೊಂಟ ಕೂರೋದು ಅಲ್ಲಿ ಮುಗಿಯುತ್ತೆ. ಹೊಸಬರು 4ಕ್ಕೆ ಮರಗಟ್ಟಿ ನಿಂತು 5ಕ್ಕೆ ಹಾರ್ತಾರೆ.

ಇನ್ನೊಂದು, ಜೋಡಿ ನೃತ್ಯದಲ್ಲಿ ಗಂಡಸು ನಡೆಸೋದು, ಹೆಂಗಸು ಹಿಂಬಾಲಿಸೋದು ಅಂತ ರೂಢಿ. ಹಿಂಬಾಲಿಸೋದು ಅವಮಾನ ಅಂದ್ಕೊಂಡ ಗಂಡಸು ನಡೆಸೋದನ್ನೂ ಸರಿಯಾಗಿ ಕಲಿಯಲ್ಲ. ಬ್ಯೂನಸ್ ಐರಿಸ್‌ನಲ್ಲಿ ಟ್ಯಾಂಗೋ ಬೆಳೆದ ದಿನಗಳಲ್ಲಿ ಗಂಡಸರು ಗಂಡಸರ ಜೊತೆಯೇ ಅಭ್ಯಾಸ ಮಾಡ್ತಿದ್ದರು, ಹೊಸಬ ಮೊದಲು ಹಿಂಬಾಲಿಸಬೇಕು. ಅದರಲ್ಲಿ ಲೆಕ್ಕ ಇದೆ. ಸೂಚನೆ ಎಷ್ಟು ತಡವಾಗಿ ಬಂದರೆ ಕಾಲು ತೊಡರುತ್ತೆ, ತೋಳಲ್ಲಿ ಎಳೆದರೆ ಸಮತೋಲ ಹೇಗೆ ತಪ್ಪುತ್ತೆ ಅನ್ನೋದು ಹಿಂಬಾಲಿಸಿದವನಿಗೆ ಮಾತ್ರ ಮೈಯಲ್ಲಿ ಗೊತ್ತಾಗುತ್ತೆ.

ಮಂಡಿಚಿಪ್ಪು:
ಗಾಯದ ಕಡೆಯಿಂದ ಎರಡು ಮಾತು. ಗಂಡಸ್ತನ ತೋರಿಸುವ ಆತುರ ನೇರವಾಗಿ ಗಾಯವಾಗಿ ಬರುವುದು ಎರಡು ಜಾಗದಲ್ಲಿ: ಅರಮಂಡಿ (ಪಾದ ಹೊರಕ್ಕೆ ತಿರುಗಿಸಿ, ಮಂಡಿ ಮಡಿಸಿ ಅರ್ಧ ಕೂರುವ ಭರತನಾಟ್ಯದ ನಿಲುವು) ಮತ್ತು ಜೊತೆಗಾರರನ್ನು ಎತ್ತುವುದು.

ತಡವಾಗಿ ಕಲಿಯಲು ಬರುವ ಗಂಡಸರಲ್ಲಿ ತೊಡೆಸಂದು ಸಾಮಾನ್ಯವಾಗಿ ಬಿಗಿ. ಪಕ್ಕದವರ ಪಾದ ಪೂರ್ತಿ ತೆರೆದಿದೆ ಅಂತ ತಾವೂ ಒತ್ತಿ ತೆರೆಯುತ್ತಾರೆ. ಮೊದಲು ಅಳತೆ ಮಾಡಿ. ಬೋರಲು ಮಲಗಿ, ಒಂದು ಮಂಡಿ 90 ಡಿಗ್ರಿ ಮಡಿಸಿ, ಸೊಂಟ ನೆಲಕ್ಕಂಟಿರಲಿ, ಮೀನಖಂಡವನ್ನು ಇನ್ನೊಂದು ಕಾಲಿನ ಕಡೆಗೆ ವಾಲಲು ಬಿಡಿ. ಎಷ್ಟು ವಾಲಿತೋ ಅಷ್ಟೇ ಆ ತೊಡೆಸಂದಿನ ಹೊರತಿರುವು. ಎರಡೂ ಕಡೆ 40 ಡಿಗ್ರಿ ಸಿಕ್ಕರೆ ನಿಂತಾಗ ಪಾದಗಳ ನಡುವೆ ನ್ಯಾಯವಾಗಿ ಸಿಗುವುದು 80. ಅದನ್ನು 150ಕ್ಕೆ ಎಳೆದರೆ ಉಳಿದ 70 ಡಿಗ್ರಿ ಮಂಡಿಯ ತಿರುಚು ಮತ್ತು ಒಳಕ್ಕೆ ಕುಸಿದ ಪಾದದಿಂದ ಬರುತ್ತದೆ. ಅರಮಂಡಿಯಲ್ಲಿ ಕೂತಾಗ ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ನೇರಕ್ಕೆ ಇರಬೇಕು. ಒಳಗೆ ಬಿದ್ದರೆ ಪಾದದ ಕೋನ ಕಡಿಮೆ ಮಾಡಿ, ಆಳ ಕಡಿಮೆ ಮಾಡಬೇಡಿ. ಹೊಟ್ಟೆ ಮುಂದೆ ಬಂದು ಸೊಂಟ ಹಿಂದೆ ಕಮಾನಾದರೂ ಅದೇ ರೋಗ. ಕಾಂಕ್ರೀಟಿನ ನೆಲದ ಮೇಲೆ ಗಟ್ಟಿ ತಟ್ಟುವುದನ್ನು ವೀರಾವೇಶ ಅಂದುಕೊಳ್ಳುವವರಿಗೆ ಮೊಣಕಾಲ ಕೆಳಗಿನ ಮುಂಗಾಲೆಲುಬು ಬೇಗ ಬುದ್ಧಿ ಹೇಳುತ್ತದೆ.

ಎತ್ತುವುದು ತೋಳಿನ ಕೆಲಸವಲ್ಲ. ಪಾದ ಹೆಗಲಗಲ, ಎತ್ತಿಸಿಕೊಳ್ಳುವವರ ಸೊಂಟ ನಿಮ್ಮ ಮೈಗೆ ಒಂದು ಗೇಣಿನೊಳಗೆ. ಭಾರ ಮೈಯಿಂದ ದೂರ ಹೋದಷ್ಟೂ ಕೆಳಬೆನ್ನಿನ ಮೇಲಿನ ಸೆಳೆತ ಅದೇ ಅಳತೆಯಲ್ಲಿ ಏರುತ್ತದೆ: 20 ಸೆಂಟಿಮೀಟರು 40 ಆದರೆ ಇಮ್ಮಡಿ. ಇಬ್ಬರೂ ಒಟ್ಟಿಗೆ ಮಂಡಿ ಮಡಿಸಿ, ಅವರು ನೆಗೆಯುವ ಕ್ಷಣಕ್ಕೆ ನಿಮ್ಮ ಕಾಲು ನೇರವಾಗಬೇಕು. ಅರ್ಧ ಕ್ಷಣ ತಡವಾದರೆ ಅವರ ನೆಗೆತ ಮುಗಿದಿರುತ್ತದೆ, ಪೂರ್ತಿ ತೂಕ ನಿಮ್ಮ ತೋಳಿಗೆ ಬಂದು ಬೆನ್ನು ಹಿಂದಕ್ಕೆ ಕಮಾನಾಗುತ್ತದೆ. ಮೊದಲು ಸೊಂಟದೆತ್ತರ, ಆಮೇಲೆ ಹೆಗಲೆತ್ತರ, ತಲೆಯ ಮೇಲಕ್ಕೆ ಕೊನೆಗೆ, ಅದೂ ಪಕ್ಕದಲ್ಲಿ ಹಿಡಿಯಲು ಮೂರನೆಯವರು ಇದ್ದಾಗ. ಇಳಿಸುವಾಗಿನ ಗಾಯವೇ ಜಾಸ್ತಿ. ಮೇಲೆ ಹೋದ ಸಂಭ್ರಮದಲ್ಲಿ ಇಳಿಸುವ ದಾರಿ ಮರೆತಿರುತ್ತಾರೆ.

ಸೈಫರ್:
ಬ್ರೇಕಿಂಗ್‌ನವರಿಗೂ ಇದೇ. ಪವರ್‌ಮೂವ್, ಅಂದರೆ ಮೈಯನ್ನೇ ಗಿರಗಿರ ತಿರುಗಿಸುವ ಪಟ್ಟು, ಮಾಡಿದರೆ ಗಂಡಸು ಅಂತ ಮೊದಲ ವಾರವೇ ತಲೆ ಮೇಲೆ ತಿರುಗಕ್ಕೆ ಹೋಗೋರಿದ್ದಾರೆ. ಮೊದಲು ನಿಂತು ಕುಣಿಯುವ ಟಾಪ್‌ರಾಕ್, ಆಮೇಲೆ ಕೈಯೂರಿ ಕಾಲು ಸುತ್ತಿಸುವ ಆರು ಹೆಜ್ಜೆಯ ಸಿಕ್ಸ್‌ಸ್ಟೆಪ್. ಅಂಗೈ ನೆಲಕ್ಕೂರಿ ಮಣಿಕಟ್ಟು ನಿಧಾನಕ್ಕೆ ಹಿಂದೆ ಮುಂದೆ, ಬಲಕ್ಕೆ ಎಡಕ್ಕೆ, ಐದು ನಿಮಿಷ ಬಿಸಿ ಮಾಡದೆ ನೆಲಕ್ಕೆ ಇಳಿಯಲೇಬೇಡಿ.

ಅಡ್ಡಮಾತು:
ಸರಿ, ದೇಹದ ಲೆಕ್ಕ ಒಪ್ಪಿದೆ. ಆದರೆ ಭರತನಾಟ್ಯದಲ್ಲಿ ವರ್ಣ ಅನ್ನೋ ದೀರ್ಘ ಕೃತಿಯಲ್ಲಿ ನಾಯಿಕೆ ಸಖಿಗೆ ವಿರಹ ಹೇಳಿಕೊಳ್ತಾಳೆ. ಮೀಸೆ ಇರುವವನು ಅದನ್ನು ಮಾಡಿದರೆ ನಗು ಬರದೇ ಇರುತ್ತಾ?

ಕಾಲ್ಗೆಜ್ಜೆ:
ಬರುತ್ತೆ, ಕೆಟ್ಟದಾಗಿ ಮಾಡಿದರೆ. ಏಕಾಹಾರ್ಯ ಅಂದರೆ ಒಂದೇ ವೇಷದಲ್ಲಿ ಎಲ್ಲ ಪಾತ್ರ. ಸೀರೆ ಉಟ್ಟ ನರ್ತಕಿ ರಾವಣನಾಗಿ ಮೀಸೆ ತಿರುವಿದರೆ ಯಾರೂ ಅವಳನ್ನ ಗಂಡುಬೀರಿ ಅನ್ನಲ್ಲ. ಅದೇ ರಿಯಾಯಿತಿ ಇವನಿಗೂ ಸಲ್ಲಬೇಕು. ಸಲ್ಲಬೇಕಾದರೆ ಕಲಾವಿದನ ಕಡೆಯಿಂದ ಒಂದು ಶಿಸ್ತು ಬೇಕು: ಪಾತ್ರದ ಒಳಗೆ ಹೋಗೋದು, ಹೊರಗೆ ಬರೋದು ಎರಡೂ ಸ್ಪಷ್ಟ ಕಾಣಬೇಕು. ನಾಯಿಕೆಯನ್ನ ತೋರಿಸಕ್ಕೆ ಜಡೆ ನೀವಿಕೊಳ್ಳೋದು, ಸೆರಗು ಸರಿಮಾಡೋದು ಇಂಥ ಹೊರಗುರುತು ಒಂದು ಸಲ ಸಾಕು. ಪ್ರತಿ ಸಾಲಿಗೂ ಜಡೆ ನೀವಿದರೆ ಅದು ಅಣಕ. ಮಿಕ್ಕಿದ್ದು ಕಣ್ಣು, ಉಸಿರು, ನಿಂತ ಜಾಗ. ವಿರಹಕ್ಕೆ ಬೇಕಾಗಿರೋದು ನಿಧಾನವಾಗಿ ಇಳಿಯೋ ಉಸಿರು, ಸೆರಗಲ್ಲ.

ಇನ್ನೂ ಅಳುಕು ಇದ್ದರೆ ಶುರುವಿಗೆ ಭಕ್ತಿಯ ಕೃತಿಗಳನ್ನ ತಗೊಳ್ಳಿ, ನಾಯಕನೇ ಮಾತಾಡೋ ಸಾಹಿತ್ಯ ಹುಡುಕಿ. ಆದರೆ ಅಲ್ಲೇ ಉಳಿದುಬಿಟ್ಟರೆ ಅಭಿನಯ ಅರ್ಧಕ್ಕೇ ನಿಲ್ಲುತ್ತೆ.

ಕಲಿಸುವವರಿಗೂ ಒಂದು ಮಾತು. ತರಗತಿಯಲ್ಲಿ ಒಬ್ಬನೇ ಹುಡುಗ ಇದ್ದರೆ ಅವನನ್ನ ಸದಾ ಕೃಷ್ಣ ಮಾಡಿ ಮಧ್ಯದಲ್ಲಿ ನಿಲ್ಲಿಸೋದು ರೂಢಿ. ಅವನಿಗೆ ಸುತ್ತ ಕುಣಿಯೋರು ಇರ್ತಾರೆ, ಅವನು ಕೊಳಲು ಹಿಡಿದು ನಿಂತಿರ್ತಾನೆ. ಮೂರು ವರ್ಷ ಆದಮೇಲೆ ಅಡವು, ಅಂದರೆ ಮೂಲ ಹೆಜ್ಜೆಗಳೇ ಬರಲ್ಲ, ನಿಲುವು ಮಾತ್ರ ಬರುತ್ತೆ. ಆಮೇಲೆ "ಹುಡುಗರಿಗೆ ನೃತ್ಯ ಹತ್ತಲ್ಲ" ಅಂತ ಮಾತು ಬೇರೆ.

ಎಂಟರಲೆಕ್ಕ:
ಭಾಷೆಯಲ್ಲೂ ಇದೆ ನೋಡಿ. 'ಕುಣಿತ' ಅಂದರೆ ಗಂಡಸಿಗೆ ಸಲೀಸು, 'ನೃತ್ಯ' ಅಂದ ತಕ್ಷಣ ಹುಬ್ಬೇರುತ್ತೆ. ನೃತ್ಯ ಕಲಿಸಿ ತಾಳ ಹಾಕುವ 'ನಟ್ಟುವ' ಅನ್ನೋದು ಮಾತ್ರ ಪುಲ್ಲಿಂಗ. ಕುಣಿಸೋಕೆ ಗಂಡಸಾಗಬಹುದು, ಕುಣಿಯೋಕೆ ಆಗಬಾರದು!

ಕೊನೆಗೆ ಉಡುಪಿನ ಪ್ರಶ್ನೆ. ಹುಡುಗರು ವೇದಿಕೆ ಹತ್ತುವ ದಿನ ಹಿಂಜರಿಯೋದು ಗೆಜ್ಜೆ, ಕಾಡಿಗೆ, ಕಚ್ಚೆ ಕಂಡು. ಇದಕ್ಕೆ ಯಾರಾದರೂ?

ಕಚ್ಚೆಪಂಚೆ:
ಕಚ್ಚೆಯಲ್ಲಿ ಆಗುವ ಅನಾಹುತಕ್ಕೆ ಕಾರಣ ಒಂದೇ: ನೆಟ್ಟಗೆ ನಿಂತು ಕಟ್ಟುವುದು. ನಿಂತಾಗ ಅಂದವಾಗಿ ಬಿಗಿದದ್ದು ಅರಮಂಡಿಗೆ ಕೂತಾಗ ತೊಡೆಸಂದಿನಲ್ಲಿ ಎಳೆದು ಹರಿಯುತ್ತದೆ, ಇಲ್ಲವೇ ಹಿಂದೆ ಸಿಕ್ಕಿಸಿದ ತುದಿ ಕಿತ್ತು ಬರುತ್ತದೆ. ಕಾಲಗಲಿಸಿ, ಮಂಡಿ ಮಡಿಸಿ, ಅರಮಂಡಿಯಲ್ಲೇ ಕಟ್ಟಿ. ಹೊಲಿಸುವುದಾದರೆ ತೊಡೆಸಂದಿಗೆ ಬೇರೆ ತುಂಡು ಬಟ್ಟೆ ಸೇರಿಸಲು ಹೇಳಿ, ಒಳಗೆ ಬಿಗಿ ಚಡ್ಡಿ ಕಡ್ಡಾಯ. ಪಿನ್ನು ಅಡ್ಡಕ್ಕೆ ಚುಚ್ಚಿ, ಉದ್ದಕ್ಕೆ ಚುಚ್ಚಿದ್ದು ನೆಗೆದಾಗ ಬಾಯಿ ಬಿಡುತ್ತದೆ. ಮೇಲೆ ಡಾಬು ಹೊಟ್ಟೆಯ ಮೇಲೆ ಅಲ್ಲ, ಸೊಂಟದೆಲುಬಿನ ಮೇಲೆ. ಹೊಸ ಬಟ್ಟೆಯಲ್ಲಿ ಪ್ರದರ್ಶನಕ್ಕೆ ಮೊದಲು ಎರಡು ಸಲವಾದರೂ ಪೂರ್ತಿ ಅಭ್ಯಾಸ ಮಾಡಿಸಿ.

ಕಾಡಿಗೆ ಅಲಂಕಾರಕ್ಕಿಂತ ಹೆಚ್ಚಾಗಿ ಬೆಳಕಿನ ಅಗತ್ಯ. ಪ್ರಖರ ದೀಪದಲ್ಲಿ ಬರಿಗಣ್ಣಿನ ಗೆರೆ ಮೂರನೇ ಸಾಲಿಗೂ ತಲುಪುವುದಿಲ್ಲ. ಹುಡುಗನನ್ನು ಕನ್ನಡಿಯ ಮುಂದೆ ನಿಲ್ಲಿಸಿ ಒಪ್ಪಿಸುವ ಬದಲು ಹಿಂದಿನ ಸಾಲಿನಲ್ಲಿ ಕೂರಿಸಿ, ಕಾಡಿಗೆ ಹಚ್ಚಿದ ಮುಖ ಒಂದು, ಹಚ್ಚದ ಮುಖ ಒಂದು ವೇದಿಕೆ ಮೇಲೆ ತೋರಿಸಿ. ಆಮೇಲೆ ಅವನೇ ಕೇಳಿ ಹಚ್ಚಿಸಿಕೊಳ್ಳುತ್ತಾನೆ.

ಎಂಟರಲೆಕ್ಕ:
ಗೆಜ್ಜೆ ಎಷ್ಟು ಕಟ್ಟಬೇಕು? ಗಂಡಸು ಅಂದಮೇಲೆ ಜಾಸ್ತಿ ಕಟ್ಟಬೇಕು ಅಂತಾರಲ್ಲ.

ಕಾಲ್ಗೆಜ್ಜೆ:
ಅದೂ ಅದೇ ರೋಗದ ಇನ್ನೊಂದು ಮುಖ. ಗೆಜ್ಜೆ ಒಡವೆ ಅಲ್ಲ, ತಾಳವಾದ್ಯ. ಕಾಲಿಗೊಂದಕ್ಕೆ 25ರಿಂದ 50 ಇಟ್ಟುಕೊಂಡು ಶುರು ಮಾಡಿ. ಕಥಕ್‌ನಲ್ಲಿ ನುರಿತವರು 100 ದಾಟ್ತಾರೆ, ದಾರದಲ್ಲಿ ಗಂಟು ಹಾಕಿ ಪೋಣಿಸಿದ್ದು. ಭರತನಾಟ್ಯದಲ್ಲಿ ಚರ್ಮ ಇಲ್ಲವೇ ಬಟ್ಟೆಯ ಪಟ್ಟಿಗೆ ಹೊಲಿದದ್ದು, ಸಂಖ್ಯೆ ಕಡಿಮೆ. ಹದ ಮೀರಿ ಕಟ್ಟಿದರೆ ಪಾದ ನಿಂತ ಮೇಲೂ ಗೆಜ್ಜೆ ನಿಲ್ಲಲ್ಲ, ಪ್ರತಿ ಪೆಟ್ಟಿಗೂ ಸದ್ದಿನ ಬಾಲ ಉಳಿಯುತ್ತೆ. ಹೀಗೆ ಪರೀಕ್ಷೆ ಮಾಡಿ: 'ತಕಿಟ' ಅಂತ ಮೂರು ತಟ್ಟಿ ಥಟ್ಟನೆ ನಿಲ್ಲಿಸಿ. ನಾಲ್ಕನೇ ಸದ್ದು ಕೇಳಿದರೆ ಒಂದು ಸುತ್ತು ಬಿಚ್ಚಿ ಪಕ್ಕಕ್ಕಿಡಿ, ಮತ್ತೆ ತಟ್ಟಿ.